ಆಸ್ಪತ್ರೆ ಸಾಲಕ್ಕೆ ಐ.ಪಿ. ಒಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ಆಸ್ಪತ್ರೆ ಖರ್ಚಿಗೆ ಸಾಲ ಮಾಡಿ ತೀರಿಸಲಾಗದೆ ಕೂತವರ ಬಾಯಲ್ಲಿ ನಮ್ಮ ಕಡೆ ಕೇಳಿಬರುವ ಮಾತು: ‘ಕೋರ್ಟಿಗೆ ಹೋಗಿ ಐ.ಪಿ. ಹಾಕಿಬಿಡ್ತೀನ್ರಿ.’ ಐ.ಪಿ. ಅಂದರೆ ದಿವಾಳಿ ಅರ್ಜಿ. ಅದನ್ನು ಹಾಕಿದರೆ ಸಾಲವೆಲ್ಲ ಹರಿದುಹೋಗುತ್ತದೆ ಅನ್ನೋ ನಂಬಿಕೆ ಅವರದು. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಐ.ಪಿ.ಗೂ ಮೊದಲು ನೋಡಬೇಕಾದ ದಾರಿಗಳಿವೆ, ಅವನ್ನು ತಿಳಿಸಿ ಹೇಳುವವರು ಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ.

ಚಿತ್ತಾಪುರ ಕಡೆಯ ಪರಿಚಯದ ರೈತರೊಬ್ಬರು ಹೋದ ವರ್ಷ ಮನೆಗೆ ಬಂದಿದ್ದರು. ಹೆಂಡತಿಗೆ ಹೈದರಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆಗಿತ್ತು. ಕ್ಯಾರಿಬ್ಯಾಗ್ ತುಂಬ ಬಿಲ್ಲು, ಜೊತೆಗೆ ಮಗಳ ಶಾಲೆಯ ಒಂದು ನೋಟ್‌ಬುಕ್. ಅದರಲ್ಲಿ ಮಗಳೇ ಬರೆದ ಲೆಕ್ಕ: ಸಾವುಕಾರರದು ಎರಡು ಲಕ್ಷ, ಮೈಕ್ರೋಫೈನಾನ್ಸ್‌ದು ಎಂಬತ್ತು ಸಾವಿರ, ಅಡತಿ ಅಂಗಡಿಯಿಂದ ತೊಗರಿ ಮೇಲೆ ತಂದ ಮುಂಗಡ, ಬಂಧುಗಳ ಕೈಗಡ. ಸಾವುಕಾರರ ಹೆಸರಿನ ಮುಂದೆ ‘ನೂರಕ್ಕೆ 3’ ಎಂದಿತ್ತು. ತಿಂಗಳಿಗೆ 3 ಅಂದರೆ ವರ್ಷಕ್ಕೆ ಶೇ 36. ಲೇವಾದೇವಿ ಕಾಯ್ದೆಯಡಿ ಸರ್ಕಾರ ಹಾಕಿರುವ ಮಿತಿ, ಅಡಮಾನ ಇಲ್ಲದ ಸಾಲಕ್ಕೂ ಶೇ 16 ಮಾತ್ರ. ಇದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಐ.ಪಿ. ಹಾಕುವುದು ತಪ್ಪಲ್ಲ. 1920ರ ದಿವಾಳಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಕೋರ್ಟ್ ದಿವಾಳಿ ಎಂದು ಘೋಷಿಸಿದ ಮೇಲೆ ಕೆಲವು ವಿನಾಯಿತಿ ಬಿಟ್ಟು ಉಳಿದ ಆಸ್ತಿ ಕೋರ್ಟ್ ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಅಡವಿಟ್ಟ ಚಿನ್ನದ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು, ಜಾಮೀನು ಹಾಕಿದವರು ಪಾರಾಗುವುದಿಲ್ಲ. ಊರಲ್ಲಿ ಜಾಮೀನಿಗೆ ನಿಂತವರು ತಮ್ಮನೋ ಭಾವನೋ ಆಗಿರುತ್ತಾರೆ ಅಲ್ವಾ? ಸಾಲ ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಗುತ್ತದೆ, ಅಷ್ಟೆ. ಚಿಕ್ಕ ಸಾಲಗಾರರಿಗೆ ಹೊಸದಾಗಿ ಬದುಕು ಶುರು ಮಾಡಲು 2016ರ ದಿವಾಳಿ ಸಂಹಿತೆಯಲ್ಲಿ ಒಂದು ಏರ್ಪಾಡು ಇದೆ. ಅದು ಇನ್ನೂ ಜಾರಿಯಾಗಿಲ್ಲ. ಜಾರಿಯಾದರೂ ಅದರಲ್ಲಿ ಸಾಲದ ಮಿತಿ 35,000 ರೂಪಾಯಿ. ಆಪರೇಷನ್ ಸಾಲ ಅಷ್ಟರಲ್ಲಿ ಎಲ್ಲಿ ನಿಲ್ಲುತ್ತದೆ?

ಹಾಗಾದರೆ ಏನು ಮಾಡಬೇಕು? ಮೊದಲು ಜಾಸ್ತಿ ಬಡ್ಡಿಯ ಸಾಲ ಕಳಚಬೇಕು. ಮನೆಯಲ್ಲಿ ಚಿನ್ನ ಉಳಿದಿದ್ದರೆ ಬ್ಯಾಂಕಿನಲ್ಲಿಟ್ಟು ಸಾವುಕಾರರ ಸಾಲ ಮುಗಿಸುವುದು ಲೇಸು. ಬ್ಯಾಂಕಿನ ಬಡ್ಡಿ ಸಾಮಾನ್ಯವಾಗಿ ಸಾವುಕಾರರ ಬಡ್ಡಿಯ ಮೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಉಳಿದ ಸಾಲಕ್ಕೆ ಕಂತು ಕಡಿಮೆ ಮಾಡಿ, ಅವಧಿ ಹೆಚ್ಚಿಸಿ ಎಂದು ಬರಹದಲ್ಲಿ ಕೇಳಬೇಕು. ಬಾಯಿಮಾತು ಆಗದು. ಒಪ್ಪದಿದ್ದರೆ ಜನತಾ ನ್ಯಾಯಾಲಯ (ಲೋಕ ಅದಾಲತ್) ಇದೆ. ಕೇಸು ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು, ಶುಲ್ಕ ಇಲ್ಲ. ಇಬ್ಬರೂ ಒಪ್ಪಿದರೆ ಅದೇ ಕೊನೆಯ ತೀರ್ಪು, ಅಪೀಲು ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವೂ ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೆ ಸಾಕು. ಆಸ್ಪತ್ರೆ ಬಿಲ್ಲಿನ ಬಗ್ಗೆಯೇ ತಕರಾರಿದ್ದರೆ ಖಾಯಂ ಜನತಾ ನ್ಯಾಯಾಲಯಕ್ಕೂ ಒಯ್ಯಬಹುದು.

ವಸೂಲಿಗೆ ಬಂದವರು ಬೆದರಿಸಿದರೆ ಸಹಿಸಿಕೊಂಡು ಕೂರಬೇಕಿಲ್ಲ. ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. 2025ರಲ್ಲಿ ಬಂದ ರಾಜ್ಯದ ಕಾನೂನಿನಲ್ಲಿ, ರಿಸರ್ವ್ ಬ್ಯಾಂಕಿನ ನೋಂದಣಿ ಇಲ್ಲದೆ ಸಾಲ ಕೊಟ್ಟವರು ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಇದೆ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ರೈತರ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹೃದಯದ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ‘ಯಾರೂ ಹೇಳಲಿಲ್ರಿ’ ಅಂದರು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟೇ. ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಒಂದು ಟೇಬಲ್ ಹಾಕಿ. ಆರೋಗ್ಯ ಯೋಜನೆಯ ಮಾಹಿತಿ ಕೊಡುವ ಆರೋಗ್ಯ ಮಿತ್ರ, ಕಾನೂನು ಸ್ವಯಂಸೇವಕರು, ಒಬ್ಬ ಬ್ಯಾಂಕಿನವರು ಅಲ್ಲಿ ಕೂರಲಿ. ನಮ್ಮಂಥ ನಿವೃತ್ತರು ಸಂಬಳ ಇಲ್ಲದೆಯೇ ಬರುತ್ತೇವೆ. ಈ ವರ್ಷದ ತೊಗರಿ ರಾಶಿಗೆ ಮೊದಲೇ ಇದು ಶುರುವಾಗಲಿ. ಸಾಲ ಕೊಟ್ಟವರು ಬಾಗಿಲಿಗೆ ಬರುವುದು ಆಗಲೇ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ