ಬೆಲ್‌ಫಾಸ್ಟ್ ಯಾಕೆ ಇನ್ನೂ ಬ್ರಿಟನ್ ಕೈಲಿದೆ ಅಂತ ಕೇಳಿದ್ರಲ್ಲ ಅಪ್ಪ

ಡಬ್ಲಿನ್

ಅಪ್ಪ, ಅಮ್ಮ, ನಮಸ್ಕಾರ.

ಅವತ್ತು ಫೋನಲ್ಲಿ ಅಪ್ಪ ಕೇಳಿದ್ರಿ, ಐರ್ಲೆಂಡಿಗೆ ಸ್ವಾತಂತ್ರ್ಯ ಬಂದು ನೂರು ವರ್ಷ ಆಯ್ತಲ್ಲ, ಮತ್ತೆ ಬೆಲ್‌ಫಾಸ್ಟ್ ಯಾಕೆ ಇನ್ನೂ ಬ್ರಿಟನ್ ಕೈಲಿದೆ ಅಂತ. ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ ಅಂತ ಬರೀತಿದೀನಿ.

ಬ್ರಿಟಿಷರ ವಿರುದ್ಧ ಡಬ್ಲಿನ್ನಲ್ಲಿ ಎದ್ದ 1916ರ ಈಸ್ಟರ್ ದಂಗೆ ಆರೇ ದಿನಕ್ಕೆ ಅಡಗಿಹೋಯ್ತು, ಶುರುನಲ್ಲಿ ಡಬ್ಲಿನ್ ಜನಕ್ಕೇ ದಂಗೆ ಎದ್ದವರ ಮೇಲೆ ಸಿಟ್ಟಿತ್ತಂತೆ. ಆಮೇಲೆ ಬ್ರಿಟಿಷರು ಇಲ್ಲಿನ ಕಿಲ್ಮೇನಮ್ ಜೈಲಲ್ಲಿ 14 ಜನನ್ನ ಗುಂಡಿಟ್ಟು ಕೊಂದ್ರು, ದಂಗೆಯ ನಾಯಕ ಜೇಮ್ಸ್ ಕಾನಲಿಗೆ ಗಾಯ ಆಗಿ ನಿಲ್ಲಕ್ಕೂ ಆಗ್ತಿರ್ಲಿಲ್ಲ, ಕುರ್ಚಿಲಿ ಕೂರಿಸಿ ಹೊಡೆದ್ರು. ಜನ ತಿರುಗಿಬಿದ್ದಿದ್ದು ಆಗ. 1918ರ ಎಲೆಕ್ಷನ್ನಲ್ಲಿ 105ರಲ್ಲಿ 73 ಸೀಟು ಸ್ವಾತಂತ್ರ್ಯ ಬೇಕು ಅನ್ನೋ ಶಿನ್ ಫೇನ್ ಪಕ್ಷಕ್ಕೇ ಬಂತು, ಗೆದ್ದವರು ಲಂಡನ್ನಿಗೆ ಹೋಗದೆ ಡಬ್ಲಿನ್ನಲ್ಲೇ ಸಭೆ ಕಟ್ಟಿದ್ರು, 1919ರಿಂದ ಗೆರಿಲ್ಲಾ ಯುದ್ಧ.

ಯುದ್ಧ ನಡೀತಿರುವಾಗ್ಲೇ 1920ರಲ್ಲಿ ಲಂಡನ್ನವರು ಕಾಯ್ದೆ ಮಾಡಿ ದೇಶನ ಎರಡು ಮಾಡಿಬಿಟ್ರು. ಉತ್ತರದ ಅಲ್‌ಸ್ಟರ್ ಪ್ರಾಂತ್ಯದಲ್ಲಿರೋದು 9 ಕೌಂಟಿ, ನಮ್ಮ ಜಿಲ್ಲೆ ಥರ. ಒಂಬತ್ತೂ ತಗೊಂಡ್ರೆ ಬ್ರಿಟನ್ ಜೊತೆನೇ ಇರ್ತೀವಿ ಅನ್ನೋ ಪ್ರಾಟೆಸ್ಟೆಂಟರ ಮೆಜಾರಿಟಿ ಅಷ್ಟು ಗಟ್ಟಿ ಇರ್ತಿರ್ಲಿಲ್ಲ, ಅದಕ್ಕೆ 6 ಮಾತ್ರ ಆರಿಸ್ಕೊಂಡ್ರು, ಬೆಲ್‌ಫಾಸ್ಟ್ ಇರೋ ಉತ್ತರ ಐರ್ಲೆಂಡ್ ಅಂದ್ರೆ ಅದೇ. ಅದರಲ್ಲೂ ಟಿರೋನ್, ಫರ್ಮನಾ ಕೌಂಟಿಗಳಲ್ಲಿ ಬ್ರಿಟನ್ ಬೇಡ ಅನ್ನೋ ಕ್ಯಾಥಲಿಕರೇ ಜಾಸ್ತಿ, ಅವನ್ನೂ ಬಿಡ್ಲಿಲ್ಲ.

ನಂಗೆ ಸಂಕಟ ಆಗೋದು ಇಲ್ಲಿಂದ ಮುಂದಿನ ಕಥೆಗೆ. 1921 ಡಿಸೆಂಬರ್ 6ಕ್ಕೆ ಐರಿಶ್ ನಾಯಕರಾದ ಮೈಕೆಲ್ ಕಾಲಿನ್ಸ್, ಆರ್ಥರ್ ಗ್ರಿಫಿತ್ ಎಲ್ಲ ಲಂಡನ್ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ರು, ಹಾಕದಿದ್ರೆ ಮತ್ತೆ ಯುದ್ಧ ಅಂತ ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಬೆದರಿಸಿದ್ದ. 26 ಕೌಂಟಿಗೆ ಸ್ವಂತ ಸರ್ಕಾರ ಸಿಕ್ತು, ಆದ್ರೆ ಅಲ್ಲಿನ ಪಾರ್ಲಿಮೆಂಟ್ ಸದಸ್ಯರು ಬ್ರಿಟನ್ ರಾಜನಿಗೆ ನಿಷ್ಠೆ ಅಂತ ಪ್ರಮಾಣ ಮಾಡ್ಬೇಕು. ಡಬ್ಲಿನ್ ಸಭೇಲಿ ಜಗಳ ಎಲ್ಲ ಹೆಚ್ಚಾಗಿ ಈ ಪ್ರಮಾಣದ ಮೇಲೇ ಅಪ್ಪ, ದೇಶ ತುಂಡಾಗಿದೆ ಅಂತ ಮಾತಾಡಿದವರು ಕಮ್ಮಿ, ಗಡಿ ಎಲ್ಲಿರ್ಬೇಕು ಅಂತ ಒಪ್ಪಂದದಲ್ಲಿ ಹೇಳಿದ್ದ ಬೌಂಡ್ರಿ ಕಮಿಷನ್ ನೋಡ್ಕೊಳುತ್ತೆ ಅಂತ ನಂಬ್ಕೊಂಡಿದ್ರು. 64–57ರಲ್ಲಿ ಪಾಸಾಯ್ತು. ಒಪ್ಪದವರು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಅನ್ನೋ ಕೋರ್ಟ್ ಕಟ್ಟಡ ಹಿಡ್ಕೊಂಡು ಕೂತ್ರು, 1922 ಜೂನ್ 28ಕ್ಕೆ ಕಾಲಿನ್ಸ್ ಕಡೆಯವರು ಬ್ರಿಟಿಷರ ಹತ್ರಾನೇ ಫಿರಂಗಿ ಇಸ್ಕೊಂಡು ಅವರ ಮೇಲೆ ಹಾರಿಸಿದ್ರು, ನಿನ್ನೆ ಮೊನ್ನೆ ತನಕ ಒಟ್ಟಿಗೆ ಅಡಗಿ ಒಟ್ಟಿಗೆ ಹೋರಾಡಿದವರು! ಅಲ್ಲೇ ಇದ್ದ ರೆಕಾರ್ಡ್ ಆಫೀಸು, ನೂರಾರು ವರ್ಷದ ಕಾಗದಪತ್ರ, ಎಲ್ಲ ಸುಟ್ಟೋಯ್ತು. ಹ್ಯಾರಿ ಬೋಲಂಡ್ ಕಾಲಿನ್ಸ್‌ನ ಪ್ರಾಣಸ್ನೇಹಿತ, ಆದ್ರೆ ಒಪ್ಪಂದ ಒಪ್ಪದವರ ಕಡೆ, ಕಾಲಿನ್ಸ್ ಸೈನಿಕರ ಗುಂಡಿಗೇ ಆಗಸ್ಟ್ 1ಕ್ಕೆ ಸತ್ತ. ಅದೇ 22ಕ್ಕೆ ದಕ್ಷಿಣದ ಕಾರ್ಕ್ ಕಡೆ ರಸ್ತೇಲಿ ಒಪ್ಪಂದ ಒಪ್ಪದವರು ಕಾಲಿನ್ಸ್‌ನೂ ಕೊಂದ್ರು, 31 ವರ್ಷ ಅವನಿಗೆ.

ಬೌಂಡ್ರಿ ಕಮಿಷನ್ ಏನಾಯ್ತು ಅಂದ್ರೆ 1925ರಲ್ಲಿ ವರದಿನೇ ಮುಚ್ಚಿಟ್ರು, ಗೆರೆ ಇದ್ದಲ್ಲೇ ಉಳೀತು. ದಕ್ಷಿಣದವರು ಒಗ್ಗಟ್ಟಾಗಿದ್ರೂ ಉತ್ತರದ ಪ್ರಾಟೆಸ್ಟೆಂಟರು ಸುಮ್ಮನೆ ಬರ್ತಿರ್ಲಿಲ್ಲ, ಅದು ನಿಜ, ಅವರೂ ಮುನ್ನೂರು ವರ್ಷದಿಂದ ಅಲ್ಲೇ ಬಾಳಿದವರು. ಆದ್ರೆ ಅವರ ಜೊತೆ ಕೂತು ಮಾತಾಡೋ ಶಕ್ತಿನಾದ್ರೂ ಇವರಲ್ಲಿ ಉಳೀತಿತ್ತು ಅನ್ಸುತ್ತೆ. ಆಮೇಲೆ 1960ರ ದಶಕದ ಕೊನೆಯಿಂದ ಉತ್ತರದಲ್ಲಿ ಇದೇ ಜಗಳದ 30 ವರ್ಷದ ಗಲಾಟೇಲಿ ಸುಮಾರು 3,500 ಜನ ಸತ್ರು, 1998ರ ಒಪ್ಪಂದದಿಂದ ನಿಂತಿದ್ದು. ಉತ್ತರದ ಬಹುಮತ, ದಕ್ಷಿಣದ ಬಹುಮತ ಎರಡೂ ಓಟು ಹಾಕಿದ್ರೆ ಒಂದಾಗ್ಬಹುದು ಅಂತ ಅದರಲ್ಲಿದೆ.

ಈಗ ಗಡೀಲಿ ಚೆಕ್‌ಪೋಸ್ಟೇ ಇಲ್ಲ, ಸ್ಪೀಡ್ ಬೋರ್ಡು ಕಿಲೋಮೀಟರಿಂದ ಮೈಲಿಗೆ ಬದಲಾದಾಗ್ಲೇ ಗೊತ್ತಾಗೋದು. ಆದ್ರೂ ನಮ್ಮ ಇಂಡಿಯನ್ ಪಾಸ್‌ಪೋರ್ಟಿಗೆ ಯುಕೆ ವೀಸಾ ಬೇಕು, ಅದಿಲ್ಲದೆ ನಾನು ಬೆಲ್‌ಫಾಸ್ಟಿಗೆ ಹೋಗಿಲ್ಲ.

ಇನ್ನೊಂದು, ಇದು ನಿಮಗೋಸ್ಕರ. 1920ರ ಜೂನಲ್ಲಿ ನಮ್ಮ ಜಲಂಧರಲ್ಲಿ ಕನಾಟ್ ರೇಂಜರ್ಸ್ ಅನ್ನೋ ಐರಿಶ್ ರೆಜಿಮೆಂಟಿನ ಸೈನಿಕರು, ತಮ್ಮ ಐರ್ಲೆಂಡಲ್ಲಿ ಬ್ರಿಟಿಷರು ಮಾಡ್ತಿದ್ದ ದೌರ್ಜನ್ಯ ಕೇಳಿ, ಇನ್ನು ಡ್ಯೂಟಿ ಮಾಡಲ್ಲ ಅಂತ ಕೂತ್ರು. ಅದೇ ರೆಜಿಮೆಂಟಿನ ಜೇಮ್ಸ್ ಡೇಲಿ ಅನ್ನೋ ಹುಡುಗನ್ನ ಹಿಮಾಚಲದ ದಗ್ಶಾಯಿ ಜೈಲಲ್ಲಿ ಗುಂಡಿಟ್ಟು ಕೊಂದ್ರು. ಆ ಜೈಲು ಈಗ ಮ್ಯೂಸಿಯಂ. ಶಿಮ್ಲಾ ಟೂರ್ ಅಂತಿದ್ರಲ್ಲ, ದಾರೀಲೇ ಸಿಗುತ್ತೆ, ಖಂಡಿತ ಹೋಗಿ, ಅಮ್ಮಂಗೆ ಸ್ವೆಟರ್ ಮರೀಬೇಡಿ.

ನಿಮ್ಮ ಮಗ