ನೋವೇ ಗೊತ್ತಾಗದ ಕಾಲು

ಪ್ರೀತಿಯ ಅಣ್ಣ, ಅತ್ತಿಗೆ,

ಕರ್ತನ ನಾಮದಲ್ಲಿ ವಂದನೆ. ನಾನು ಇಲ್ಲಿ ಆರಾಮಾಗಿದ್ದೀನಿ, ಡ್ಯೂಟಿ ಸ್ವಲ್ಪ ಜಾಸ್ತಿ ಅಷ್ಟೆ. ಅಮ್ಮನ ಮಂಡಿಗೆ ಹೇಳಿಕೊಟ್ಟ ಎಕ್ಸರ್‌ಸೈಜ್ ದಿನಾ ಮಾಡಿಸಿ, ನೋವು ಕಮ್ಮಿ ಆಯ್ತು ಅಂತ ಬಿಡಬೇಡಿ.

ಅಣ್ಣ, ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ನಮ್ಮ ಸಭೆಯಲ್ಲಿ ಹಳೇ ಕೀರ್ತನೆ ಬೇಕಾ ಹೊಸ ಹಾಡು ಬೇಕಾ ಅಂತ ಶುರುವಾದ ಮಾತು ಬೆಳೆದು ಬೆಳೆದು ಈಗ ಕೆಲವು ಕುಟುಂಬದವರು ಬೇರೆ ಕಡೆ ಸೇರಿ ಆರಾಧನೆ ಮಾಡೋಕೆ ಹೊರಟಿದ್ದಾರೆ ಅಂದೆ. ಬೇಜಾರಾಯ್ತು. ಆದ್ರೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ಮಾತು, ಮೀಟಿಂಗ್‌ನಲ್ಲಿ ಹಿರಿಯರೊಬ್ಬರು "ಹೋಗೋರು ಹೋಗ್ಲಿ ಬಿಡಿ, ನಮಗೇನು ನಷ್ಟ" ಅಂದ್ರಂತಲ್ಲ, ಅಲ್ಲಿದ್ದೋರು ಯಾರೂ ತುಟಿ ಪಿಟಕ್ ಅನ್ನಲಿಲ್ಲ ಅಂದ್ಯಲ್ಲ, ಅದು. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ನಿಂತುಹೋಗುತ್ತೆ, ಅದಕ್ಕೇ ಟೈಪ್ ಮಾಡ್ತಾ ಕೂತಿದ್ದೀನಿ.

ನಷ್ಟ ಇಲ್ಲ ಅನ್ನೋ ಮಾತಿಗೇ ಅಪೊಸ್ತಲ ಪೌಲ ಉತ್ತರ ಬರೆದಿದ್ದಾನೆ ನೋಡು, ಬೈಬಲ್‌ನಲ್ಲಿರೋ ಅವನ ಪತ್ರ 1 ಕೊರಿಂಥ 12ರಲ್ಲಿ. ಕಣ್ಣು ಕೈಗೆ ನೀನು ನನಗೆ ಬೇಡ ಅನ್ನೋ ಹಾಗಿಲ್ಲ, ತಲೆ ಕಾಲಿಗೆ ಹಾಗೆ ಹೇಳೋ ಹಾಗಿಲ್ಲ ಅಂತ. ಅವನು ಅದನ್ನ ಎಫೆಸದಲ್ಲಿದ್ದಾಗ, ಕ್ರಿ.ಶ. 55ರ ಆಸುಪಾಸಿನಲ್ಲಿ ಬರೆದದ್ದು, ಅದೂ ಸುಮ್ನೆ ಒಂದು ಒಳ್ಳೇ ಉಪಮೆ ಸಿಕ್ತು ಅಂತ ಬರೆದದ್ದಲ್ಲ. ಕೊರಿಂಥದ ಸಭೆ ಆಗಲೇ ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ ಕಡೆ, ಅಂದ್ರೆ ಪೇತ್ರನ ಕಡೆ, ಅಂತ ಪಾರ್ಟಿ ಪಾರ್ಟಿ ಆಗಿತ್ತು, ಕರ್ತನ ಭೋಜನಕ್ಕೆ ಕೂಡಿದಾಗಲೂ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸಿ ಇಲ್ಲದವರು ಹಸ್ಕೊಂಡೇ ಇರ್ತಿದ್ರು. ಅಂಥಾ ಸಭೆಗೆ ಅವನು "ನೀವು ಕ್ರಿಸ್ತನ ದೇಹ" ಅಂತಾನೆ. ಮುಂದೆ ಆಗಿ ಅನ್ನಲ್ಲ, ಈಗಲೇ ಆಗಿದ್ದೀರಿ ಅಂತಾನೆ. ನನಗೆ ಆ ಅಧ್ಯಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಇದೇ, ಜಗಳ ಆಡ್ತಿದ್ರೂ ಅವರು ಒಂದೇ ದೇಹ, ಒಂದಾಗಬೇಕಾ ಬೇಡ್ವಾ ಅಂತ ವೋಟ್ ಹಾಕೋ ಅಧಿಕಾರ ಅಂಗಗಳಿಗೆ ಕೊಟ್ಟೇ ಇಲ್ಲ.

ಈಗ ನನ್ನ ಫಿಸಿಯೋಥೆರಪಿ ಕೆಲಸದ ಕಡೆಯಿಂದ ಹೇಳ್ತೀನಿ. ನೀನು ಒಂದು ಸಲ ಮೊಣಕೈ ಮಡಚಿ ಬಿಚ್ಚು. ಮುಂದುಗಡೆ ಇರೋ ಬೈಸೆಪ್ಸ್ ಮಡಚುತ್ತೆ, ಹಿಂದುಗಡೆ ಟ್ರೈಸೆಪ್ಸ್ ಬಿಚ್ಚುತ್ತೆ, ಎರಡೂ ಎಳೆಯೋದು ಒಂದಕ್ಕೊಂದು ಪೂರ್ತಿ ಉಲ್ಟಾ ದಿಕ್ಕಿಗೆ. ಹಾಗಂತ ಅವು ಶತ್ರುಗಳಲ್ಲ, ಎರಡರಲ್ಲಿ ಒಂದನ್ನ ತೆಗೆದ್ರೂ ಕೈ ಕೆಲಸಕ್ಕೆ ಬಾರದು. ಬೈಸೆಪ್ಸ್‌ಗೆ ಎಳಿ ಅಂತ ಆರ್ಡರ್ ಬಂದ ಹೊತ್ತಿಗೇ ಬೆನ್ನುಹುರಿಯಿಂದ ಟ್ರೈಸೆಪ್ಸ್‌ಗೆ ಸ್ವಲ್ಪ ಸಡಿಲ ಬಿಡು ಅಂತ ಇನ್ನೊಂದು ಆರ್ಡರ್ ಹೋಗುತ್ತೆ. ಭಾರ ಏನಾದ್ರೂ ಅಲುಗಾಡದ ಹಾಗೆ ಹಿಡ್ಕೋಬೇಕಾದ್ರೆ ಎರಡೂ ಹದವಾಗಿ ಬಿಗಿ ಆಗ್ತವೆ. ಯಾವಾಗ ಎಳೀಬೇಕು ಯಾವಾಗ ಬಿಡಬೇಕು ಅನ್ನೋದನ್ನ ಸ್ನಾಯು ತಾನೇ ತೀರ್ಮಾನ ಮಾಡಲ್ಲ. ಹಳೇ ಕೀರ್ತನೆ ಬೇಕು ಅನ್ನೋರೂ ಹೊಸದು ಬೇಕು ಅನ್ನೋರೂ ಹೀಗೇ ಅಂತ ನನಗನ್ಸುತ್ತೆ, ಇಬ್ಬರೂ ಬೇಕು, ಆದ್ರೆ ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಟ್ಟುಕೊಡೋದು ಸೋಲಲ್ಲ, ಅದೂ ಕೆಲಸವೇ.

ಸ್ಟ್ರೋಕ್ ಆದವರಲ್ಲಿ ಇದು ತಪ್ಪಿಹೋಗುತ್ತೆ. ನನ್ನ ವಾರ್ಡ್‌ನಲ್ಲಿ ಈಗ ಒಬ್ಬರು ಹಿರಿಯರಿದ್ದಾರೆ, ಬಲಗೈ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡಿದೆ, ಬೆರಳು ಎಷ್ಟು ಬಿಗಿ ಅಂದ್ರೆ ಅವರದ್ದೇ ಉಗುರು ಅಂಗೈಗೆ ಚುಚ್ಚಿ ಗುರುತಾಗಿದೆ. ಆ ಮುಷ್ಟಿ ಬಿಡಿಸೋದಕ್ಕೆ ಒಂದು ಕ್ರಮ ಇದೆ ಅಣ್ಣ. ಗಬಕ್ ಅಂತ ಎಳೆದ್ರೆ ಅದು ಇನ್ನೂ ಬಿಗಿಯಾಗುತ್ತೆ, ಎಷ್ಟು ಸ್ಪೀಡಾಗಿ ಎಳೀತೀವೋ ಅಷ್ಟು ವಿರೋಧ ಬರುತ್ತೆ, ಅದು ಆ ಸ್ನಾಯುವಿನ ರಿಫ್ಲೆಕ್ಸ್. ಮಣಿಕಟ್ಟನ್ನ ಸ್ವಲ್ಪ ಬಗ್ಗಿಸಿ, ಹೆಬ್ಬೆರಳಿನ ಬುಡದಿಂದ ಹಿಡಿದು, ನಿಧಾನಕ್ಕೆ ತೆರೀಬೇಕು, ಆಗ ಒಂದೊಂದೇ ಬೆರಳು ಬಿಡುತ್ತೆ. ಅಂಗೈ ಒರೆಸಿ ಒಂದು ಬಟ್ಟೆಯ ಸುರುಳಿ ಇಟ್ಟಾಗ ಅವರ ಮುಖದಲ್ಲಿ ಬರೋ ಸಮಾಧಾನ ನೋಡ್ಬೇಕು ನೀನು. ಅಲ್ಲಿ ಸ್ನಾಯುವಿನಲ್ಲಿ ಮೊದಲು ಕೆಟ್ಟಿದ್ದು ಏನೂ ಇಲ್ಲ, ಅದರಲ್ಲಿ ಶಕ್ತಿ ಇದೆ, ಬೇಕಾದ್ದಕ್ಕಿಂತ ಜಾಸ್ತಿನೇ ಎಳೀತಿದೆ. ತಲೆಯಿಂದ ಬರಬೇಕಾದ ಮಾತು ಮಾತ್ರ ಬರ್ತಿಲ್ಲ. ಎಫೆಸದವರಿಗೆ ಬರೆದ 4ನೇ ಅಧ್ಯಾಯದಲ್ಲಿ ತಲೆಯಾದ ಕ್ರಿಸ್ತನಿಂದಲೇ ಇಡೀ ದೇಹ ಕೀಲು ಕೀಲಾಗಿ ಜೋಡಣೆಯಾಗಿ ಬೆಳೆಯುತ್ತೆ ಅಂತ ಇದೆಯಲ್ಲ, ಅದನ್ನ ಓದಿದಾಗೆಲ್ಲಾ ನನಗೆ ಆ ಮುಷ್ಟಿ ಕಣ್ಮುಂದೆ ಬರುತ್ತೆ. ಸಭೆಯಲ್ಲಿ ಜನಕ್ಕೆ ಉತ್ಸಾಹ ಇಲ್ಲ ಅಂತಲ್ಲ, ಉತ್ಸಾಹ ಬೇಕಾದಷ್ಟಿದೆ, ಒಟ್ಟಿಗೆ ಮೊಣಕಾಲೂರಿ ತಲೆಯ ಮಾತು ಕೇಳಿಸ್ಕೊಂಡು ಎಷ್ಟು ದಿನ ಆಯ್ತು ಅಂತ ಕೇಳ್ಕೋಬೇಕು.

ಇನ್ನು ಆ "ನಮಗೇನು ನಷ್ಟ" ಅನ್ನೋ ಮಾತು. ನನಗೆ ನಿಜವಾಗ್ಲೂ ಹೆದರಿಕೆ ಆಗೋದು ಇಲ್ಲೇ. ಶುಗರ್ ಬಹಳ ವರ್ಷದಿಂದ ಇರೋ ಎಷ್ಟೋ ಜನಕ್ಕೆ ಕಾಲಿನ ನರ ಹಾಳಾಗಿ ಸ್ಪರ್ಶ ಹೋಗಿಬಿಡುತ್ತೆ. ಇತ್ತೀಚೆಗೆ ಒಬ್ಬರು ನಡಿಗೆ ಟ್ರೇನಿಂಗ್‌ಗೆ ಅಂತ ಬಂದ್ರು, ನಾನು ರೂಢಿಯಂತೆ ಶೂ ಬಿಚ್ಚಿಸಿ ನೋಡಿದ್ರೆ ಒಳಗೆ ಒಂದು ಸಣ್ಣ ಸ್ಕ್ರೂ ಇತ್ತು, ಸಾಕ್ಸ್ ರಕ್ತಕ್ಕೆ ಅಂಟಿಕೊಂಡಿತ್ತು, ಬೆಳಿಗ್ಗೆಯಿಂದ ಅದರ ಮೇಲೇ ಓಡಾಡಿದ್ದಾರೆ, "ಏನೂ ನೋವಿಲ್ಲ, ಚೆನ್ನಾಗಿದ್ದೀನಿ" ಅಂದ್ರು. ಕಾಲು ಚೆನ್ನಾಗಿಲ್ಲ, ಸುದ್ದಿ ಮುಟ್ಟಿಲ್ಲ ಅಷ್ಟೆ. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅಂತ ಒಬ್ಬರಿದ್ರು, 1946ರಲ್ಲಿ ಅಲ್ಲಿಗೆ ಬಂದ ಸರ್ಜನ್. ಕುಷ್ಠ ಬಂದವರ ಬೆರಳು ರೋಗದಿಂದಲೇ ಕೊಳೆತು ಬೀಳ್ತವೆ ಅಂತ ಎಲ್ಲರೂ ನಂಬಿದ್ದಾಗ, ಹಾಗಲ್ಲ, ನೋವು ಗೊತ್ತಾಗದೇ ಇರೋದ್ರಿಂದ ಸುಟ್ಟ ಗಾಯ, ಕೊಯ್ದ ಗಾಯ ಮೇಲಿಂದ ಮೇಲೆ ಆಗಿ ಬೆರಳು ಸವೆದುಹೋಗ್ತವೆ ಅಂತ ತೋರಿಸಿದ್ದು ಅವರು. ಅಂದ್ರೆ ನೋವು ದೇವರು ಕೊಟ್ಟ ಕಾವಲು. ಒಂದು ಅಂಗಕ್ಕೆ ನೋವಾದ್ರೆ ಎಲ್ಲಾ ಅಂಗಕ್ಕೂ ನೋವು ಅಂತ ಪೌಲ ಬರೆದಿದ್ದು ಕೂಡ ಇದೇ ಅಲ್ವಾ. ಹಾಗಾಗಿ ಈ ಜಗಳದಿಂದ ನಿನಗೆ ರಾತ್ರಿ ನಿದ್ದೆ ಬರ್ತಿಲ್ಲ ಅಂತ ಅತ್ತಿಗೆ ಹೇಳಿದ್ದು ಕೇಳಿ ನನಗೆ ಸಂಕಟವೂ ಆಯ್ತು, ಧೈರ್ಯವೂ ಬಂತು. ನಿನಗೆ ನೋಯ್ತಿದೆ ಅಂದ್ರೆ ನರ ಇನ್ನೂ ಸತ್ತಿಲ್ಲ. ಯಾರಿಗೆ ಏನೂ ಅನ್ನಿಸ್ತಿಲ್ಲವೋ ಅವರಿಗಾಗಿ ಮೊದಲು ಪ್ರಾರ್ಥನೆ ಮಾಡು.

ಬ್ರ್ಯಾಂಡ್ ಅವರು ಇನ್ನೊಂದು ಕೆಲಸ ಮಾಡಿದ್ರು, ಮಡಚಿಹೋದ ಬೆರಳಿಗೆ ಅದೇ ಕೈಯ ಗಟ್ಟಿಯಾದ ಒಂದು ಸ್ನಾಯುವಿನ ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ, ತಗೊಂಡು ದಾರಿ ಬದಲಾಯಿಸಿ ಜೋಡಿಸ್ತಿದ್ರು, ಆಪರೇಷನ್ ಆದ್ಮೇಲೆ ಆ ಸ್ನಾಯು ಹೊಸ ಕೆಲಸ ಕಲೀಬೇಕು, ಅದಕ್ಕೆ ವಾರಗಟ್ಟಲೆ ಅಭ್ಯಾಸ. ಬಲ ಇರೋ ಅಂಗ ತನ್ನ ಬಲಾನ ಬಲ ಇಲ್ಲದಿರೋದಕ್ಕೆ ಕೊಡೋದು ಅಂದ್ರೆ ಇದು. ಬಲ ಇರೋರು ನಮ್ಮಲ್ಲಿ ಇಲ್ವಾ, ಇದ್ದಾರೆ.

ಆ ಹಿರಿಯರು ಸಭೆಯ ಸತ್ಯವನ್ನ ಕಾಪಾಡ್ತಿದ್ದೀನಿ ಅಂತಲೇ ಹಾಗೆ ಅಂದಿರ್ಬಹುದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾವಲು ಬೇಕೇ ಬೇಕು, ದೇಹಕ್ಕೂ ರೋಗನಿರೋಧಕ ಶಕ್ತಿ ಇಲ್ಲದಿದ್ರೆ ಸಣ್ಣ ನೆಗಡಿಯೂ ಅಪಾಯವೇ. ಆದ್ರೆ ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ, ರೋಗದ ವಿರುದ್ಧ ಹೋರಾಡೋ ಟಿ ಕಣಗಳು ರಕ್ತಕ್ಕೆ ಇಳಿಯೋ ಮೊದಲು ಅಲ್ಲಿ ಪರೀಕ್ಷೆ ಪಾಸಾಗಬೇಕು, ತನ್ನದೇ ದೇಹದ ಮೇಲೆ ಬೀಳೋ ಕಣವನ್ನ ಸಾಮಾನ್ಯವಾಗಿ ಅಲ್ಲೇ ಮುಗಿಸಿಬಿಡ್ತಾರೆ. ಅಂದ್ರೆ ಶತ್ರು ಯಾರು ಅಂತ ಕಲಿಯೋ ಮೊದಲು ನಮ್ಮವರು ಯಾರು ಅಂತ ಕಲೀಬೇಕು. ಅದು ತಪ್ಪಿದಾಗ ಬರೋ ಕಾಯಿಲೆಗಳಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಒಂದು, ಕಾವಲಿನವರೇ ಬಂದು ಕೀಲಿನ ಒಳಪದರವನ್ನ ಹಾಳು ಮಾಡ್ತಾರೆ. ಹೊಡೆತ ಬೀಳೋದು ಎಲ್ಲಿಗೆ ನೋಡು, ಒಂದು ಮೂಳೆ ಇನ್ನೊಂದಕ್ಕೆ ಸೇರೋ ಜಾಗಕ್ಕೇ.

ಅವರು ಹೋದ್ರೂ ನಮ್ಮ ಹತ್ರ ಜನ ಇದ್ದಾರೆ, ಬಿಲ್ಡಿಂಗ್ ಇದೆ, ಫಂಡ್ ಇದೆ ಅಂತ ಯಾರಾದ್ರೂ ಅಂದ್ರೆ ಹೃದಯದ ವಿಷಯ ಹೇಳು. ಅದರೊಳಗೆ ಯಾವಾಗ್ಲೂ ರಕ್ತ ತುಂಬಿರುತ್ತೆ, ಆದ್ರೆ ಅದರ ದಪ್ಪ ಗೋಡೆ ಆ ರಕ್ತದಿಂದ ಬದುಕಲ್ಲ, ರಕ್ತ ಹೊರಗೆ ಹೋಗಿ ಹೃದಯದ ಗೋಡೆಗೇ ರಕ್ತ ಕೊಡೋ ಕರೋನರಿ ರಕ್ತನಾಳದ ಮೂಲಕ ವಾಪಸ್ ಬಂದ್ರೆ ಮಾತ್ರ ಅದಕ್ಕೆ ಉಸಿರು.

ಒಡೆದದ್ದು ಕೂಡೋಕೆ ಎಷ್ಟು ಕಾಲ ಬೇಕು ಅನ್ನೋದೂ ಗೊತ್ತಿರ್ಲಿ. 1054ರಲ್ಲಿ ರೋಮ್ ಸಭೆಯವರೂ ಕಾನ್‌ಸ್ಟಾಂಟಿನೋಪಲ್ ಸಭೆಯವರೂ ಒಬ್ಬರ ಮೇಲೊಬ್ಬರು ಬಹಿಷ್ಕಾರ ಹಾಕಿದ್ರು, ಪೋಪ್ ಆರನೇ ಪಾಲ್ ಮತ್ತು ಕಾನ್‌ಸ್ಟಾಂಟಿನೋಪಲ್ ಸಭೆಯ ಮುಖ್ಯಸ್ಥ ಪೇಟ್ರಿಯಾರ್ಕ್ ಅಥೆನಾಗೊರಾಸ್ ಅದನ್ನ ತೆಗೆದುಹಾಕಿದ್ದು 1965ರ ಡಿಸೆಂಬರ್ 7ಕ್ಕೆ, ಅಷ್ಟಾದ್ರೂ ಇವತ್ತಿಗೂ ಒಂದೇ ಮೇಜಿನಲ್ಲಿ ಕರ್ತನ ಭೋಜನದ ರೊಟ್ಟಿ ಮುರಿಯೋಕೆ ಆಗ್ತಿಲ್ಲ. ದೊಡ್ಡ ಗಾಯ ವಾಸಿಯಾದ್ರೂ ಆ ಚರ್ಮಕ್ಕೆ ಮೊದಲಿದ್ದ ಬಲದ ಸುಮಾರು 80 ಪರ್ಸೆಂಟ್‌ಗಿಂತ ಜಾಸ್ತಿ ಬರಲ್ಲ. ಹಾಗಂತ ಕೂಡೋದೇ ಇಲ್ಲ ಅಂತಲ್ಲ, 1947ರಲ್ಲಿ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದೋರು ವರ್ಷಾನುಗಟ್ಟಲೆ ಕೂತು ಮಾತಾಡೇ ಒಂದಾಗಿದ್ದು. ನಮ್ಮದಿನ್ನೂ ಹಸಿ ಗಾಯ, ಈಗಲೇ ಅಂಚು ಕೂಡಿಸಿದ್ರೆ ಬೇಗ ಕೂಡುತ್ತೆ.

ಅದಕ್ಕೇ ಕೇಳ್ಕೋತೀನಿ ಅಣ್ಣ, ಮುಂದಿನ ಮೀಟಿಂಗ್‌ವರೆಗೆ ಕಾಯಬೇಡ, ಕಮಿಟಿ ಲೆಟರ್ ಕಳಿಸೋದಕ್ಕೂ ಬಿಡಬೇಡ, ನೀನೂ ಅತ್ತಿಗೆನೂ ಅವರ ಮನೆಗಳಿಗೆ ಹೋಗಿ. ವಾಪಸ್ ಬನ್ನಿ ಅಂತ ಮೊದಲೇ ಹೇಳಬೇಡ, ಹಾಡಿನ ವಿಷಯ ಎತ್ತಲೇ ಬೇಡ, ಎಲ್ಲಿ ನೋವಾಯ್ತು ಅಂತ ಕೇಳು, ಪೂರ್ತಿ ಹೇಳೋವರೆಗೆ ಮಧ್ಯ ಬಾಯಿ ಹಾಕಬೇಡ, ಪ್ರಾರ್ಥನೆ ಮಾಡಿ ಬಾ. ಆಮೇಲೆ ಆ ಹಿರಿಯರನ್ನೂ ಒಂದು ಸಲ ಜೊತೆಗೆ ಕರ್ಕೊಂಡು ಹೋಗು, ಅವರು ಬರ್ತಾರೆ, ಮನಸ್ಸು ಕೆಟ್ಟದ್ದಲ್ಲ ಅಂತ ನನಗೆ ಗೊತ್ತು. ಭಾನುವಾರ ರಾತ್ರಿ ನನಗೆ ರಜೆ, ಫೋನ್ ಮಾಡ್ತೀನಿ, ಯಾರ ಮನೆಗೆ ಹೋದ್ರಿ ಅಂತ ಹೇಳು, ಅವರ ಹೆಸರು ಹಿಡಿದು ನಾನೂ ಇಲ್ಲಿ ಪ್ರಾರ್ಥನೆ ಮಾಡ್ತೀನಿ.

ನಿನ್ನ ತಂಗಿ