ದವಡೆ ಕೀಲಿಗೆ ಪೆಟ್ಟಾದ ಕೇಸುಗಳು: ಡ್ಯೂಟಿ ಡಾಕ್ಟರುಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಂದಿನ ನೈಟ್ ಡ್ಯೂಟಿಯಿಂದಲೇ ಕ್ಯಾಶುವಾಲ್ಟಿಯವರು ಪಾಲಿಸಿ: ಗದ್ದಕ್ಕೆ ಪೆಟ್ಟು ಬಿದ್ದು ದವಡೆ ತಪ್ಪಿದ್ದರೆ, ಸಿಟಿ ಸ್ಕ್ಯಾನ್ ನೋಡದೆ ಹೆಬ್ಬೆರಳಿಟ್ಟು ಕೂರಿಸಲು ದಯವಿಟ್ಟು ಹೋಗಬೇಡಿ.

ಆಕಳಿಸಿ ತಪ್ಪಿದ ಕೀಲು ಮುಂದಕ್ಕೆ ಜಾರಿ, ಬಾಯಿ ತೆರೆದೇ ಉಳಿಯುತ್ತದೆ. ಪೆಟ್ಟಿನಿಂದ ಅಪರೂಪಕ್ಕೆ ಅದು ಮೇಲಕ್ಕೆ, ತಲೆಬುರುಡೆಯೊಳಕ್ಕೇ ನುಗ್ಗುತ್ತದೆ. ಆಗ ಬಾಯಿ ಸರಿಯಾಗಿ ತೆರೆಯಲಾಗದು, ಗದ್ದ ಪೆಟ್ಟಾದ ಕಡೆಗೇ ವಾಲುತ್ತದೆ. ಬರೀ ಕಾಂಡೈಲ್ (ಕೀಲಿನಲ್ಲಿ ಕೂರುವ ದವಡೆ ಮೂಳೆಯ ತುದಿ) ಮುರಿತವೆಂದು ಮೋಸಹೋಗುವುದು ಇಲ್ಲೇ. ಹಿಂದಕ್ಕೆ ಸರಿದಿದ್ದರೆ ಕಿವಿಯಿಂದ ರಕ್ತ ಬರಬಹುದು, ಕಿವಿ ತೊಳೆಯಬೇಡಿ. ಕೇಳಿಸುತ್ತಿದೆಯೇ, ಮುಖದ ನರ ಸರಿಯಿದೆಯೇ ನೋಡಿ ಬರೆದಿಡಿ.

ಸಿಟಿಯಲ್ಲಿ 1 ಮಿ.ಮೀ. ಅಥವಾ ಇನ್ನೂ ತೆಳು ಸ್ಲೈಸ್, ಜೊತೆಗೆ ಕೊರೋನಲ್ (ಎದುರಿನಿಂದ ಕಾಣುವಂಥ) ಚಿತ್ರ ಕೇಳಿ, ಓಪಿಜಿಯೊಂದನ್ನೇ (ಇಡೀ ದವಡೆಯ ಎಕ್ಸ್‌ರೇ) ನಂಬಬೇಡಿ. ಬುರುಡೆಯೊಳಗೆ ಹೊಕ್ಕಿದ್ದರೆ ನ್ಯೂರೋಸರ್ಜನ್‌ಗೆ ತಕ್ಷಣ ಫೋನ್ ಮಾಡಿ. ಕೂರಿಸುವುದು ಆಪರೇಷನ್ ಥಿಯೇಟರಿನಲ್ಲಿ, ಅನಸ್ತೇಷಿಯಾ ಕೊಟ್ಟ ಮೇಲೇ.

ಓದಿದವರು ‘ಸರಿ’ ಎಂದು ಹಾಕಿ.